ಓಡುವ ಪುಟದ ಬೆನ್ನು ಹತ್ತಬೇಕೇ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನವನು. ಅಡಿಕೆ, ಕಾಳುಮೆಣಸು, ಶುಂಠಿಯ ಧಾರಣೆ, ಜಲಾಶಯಗಳ ನೀರಿನ ಮಟ್ಟ, ಮಳೆಯ ಮುನ್ಸೂಚನೆ ಇವನ್ನೆಲ್ಲ ಬೇರೆ ಬೇರೆ ಜಾಲತಾಣಗಳಿಂದ ಒಟ್ಟುಮಾಡಿ ತೋರಿಸುವ ಸಣ್ಣ ಮೊಬೈಲ್ ಆ್ಯಪ್ ನಡೆಸುತ್ತಿದ್ದೇನೆ. ಸುಮಾರು 400 ಪುಟಗಳನ್ನು ನನ್ನ ಪ್ರೋಗ್ರಾಂ 15 ನಿಮಿಷಕ್ಕೊಮ್ಮೆ ಓದುತ್ತದೆ. ಕಳೆದ ತಿಂಗಳು ಒಂದು ತಾಣದವರು ನನ್ನ ಸರ್ವರನ್ನು ತಡೆಹಿಡಿದರು. ಇಷ್ಟು ಓದಿಸಿದರೂ ಕೆಲವೊಮ್ಮೆ ಹಳೆಯ ಧಾರಣೆಯೇ ಕಾಣಿಸುತ್ತದೆ ಎಂದು ಬಳಕೆದಾರರು ದೂರುತ್ತಾರೆ. ಯಾವ ಪುಟವನ್ನು ಎಷ್ಟು ಹೊತ್ತಿಗೊಮ್ಮೆ ಓದಬೇಕು ಎಂಬುದನ್ನು ಮಷೀನ್ ಲರ್ನಿಂಗ್‌ನಿಂದ, ಅಂದರೆ ದಾಖಲೆಗಳಿಂದ ಕಂಪ್ಯೂಟರ್ ತಾನೇ ಕಲಿಯುವ ವಿಧಾನದಿಂದ, ನಿರ್ಧರಿಸಬಹುದೇ? ಒಬ್ಬನೇ ಮಾಡುವ ಕೆಲಸಕ್ಕೆ ಅದು ಅತಿಯಾಗುತ್ತದೆಯೇ?

ಉತ್ತರ: ಮೊದಲು ನಿಮ್ಮ ಈಗಿನ ಲೆಕ್ಕವನ್ನೇ ನೋಡೋಣ. 15 ನಿಮಿಷಕ್ಕೊಮ್ಮೆ ಎಂದರೆ ಒಂದು ಪುಟಕ್ಕೆ ದಿನಕ್ಕೆ 96 ಓದು. 400 ಪುಟಕ್ಕೆ 38,400 ಓದು. ಮಾರುಕಟ್ಟೆಯ ಧಾರಣೆಯ ಪುಟ ದಿನಕ್ಕೆ ಒಂದೋ ಎರಡೋ ಬಾರಿ ಬದಲಾಗುತ್ತದೆ. ಭಾನುವಾರ ಬದಲಾಗುವುದೇ ಇಲ್ಲ. ಅಂದರೆ ನಿಮ್ಮ ಪ್ರೋಗ್ರಾಂ ಮಾಡುತ್ತಿರುವ ಓದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು, ನಿನ್ನೆ ಓದಿದ್ದನ್ನೇ ಇಂದು ಮತ್ತೆ ಓದುವ ಕೆಲಸ. ತಡೆಹಿಡಿದ ತಾಣದವರ ಮೇಲೆ ನನಗೆ ಬೇಸರವಿಲ್ಲ. ಸಣ್ಣ ಸರ್ವರ್ ಒಂದರ ಮೇಲೆ ರಾತ್ರಿ ಎರಡು ಗಂಟೆಗೂ ನಾಲ್ಕು ಬಾರಿ ಬಾಗಿಲು ಬಡಿಯುವವರನ್ನು ಯಾರೇ ಆದರೂ ಹೊರಗಿಡುತ್ತಾರೆ.

ನಿಮ್ಮ ಪ್ರಶ್ನೆಗೆ ಹೌದು, ನಿರ್ಧರಿಸಬಹುದು ಎಂಬುದೇ ಉತ್ತರ. ನಿಮಗೆ ಬೇಕಾದಷ್ಟು ಕಲಿಕೆ ನೂರು ಸಾಲಿನ ಪ್ರೋಗ್ರಾಂನಲ್ಲಿ ಮುಗಿಯುತ್ತದೆ. ಆದರೆ ಅದಕ್ಕೆ ಮುಂಚೆ ಒಂದು ತಪ್ಪು ಎಣಿಕೆಯನ್ನು ಬಿಡಬೇಕು. ಬೇಗ ಬೇಗ ಬದಲಾಗುವ ಪುಟವನ್ನು ಬೇಗ ಬೇಗ ಓದಬೇಕು ಎಂದು ಎಲ್ಲರಿಗೂ ಅನ್ನಿಸುತ್ತದೆ. ನನಗೂ ಹಾಗೆಯೇ ಅನ್ನಿಸಿತ್ತು. ಅದು ಸರಿಯಲ್ಲ, ಮತ್ತು ಏಕೆ ಸರಿಯಲ್ಲ ಎಂಬುದು ಈ ಇಡೀ ವಿಷಯದ ತಿರುಳು.

ಎರಡು ಪುಟಗಳನ್ನು ತೆಗೆದುಕೊಳ್ಳಿ. ಒಂದು ಸರಾಸರಿ ದಿನಕ್ಕೊಮ್ಮೆ ಬದಲಾಗುತ್ತದೆ. ಅದನ್ನು ಜಲಾಶಯದ ಪುಟ ಎನ್ನೋಣ. ಇನ್ನೊಂದು ಸರಾಸರಿ ಅರ್ಧ ಗಂಟೆಗೊಮ್ಮೆ, ಅಂದರೆ ದಿನಕ್ಕೆ 48 ಬಾರಿ ಬದಲಾಗುತ್ತದೆ. ಅದು ಸುದ್ದಿಯ ಪುಟ ಇರಲಿ. ಎರಡೂ ನಿಮ್ಮ ಬಳಕೆದಾರರಿಗೆ ಸಮಾನವಾಗಿ ಬೇಕು. ದಿನಕ್ಕೆ ಒಟ್ಟು ನಾಲ್ಕೇ ಓದು ನಿಮ್ಮ ಕೈಯಲ್ಲಿವೆ. ಬದಲಾವಣೆಯ ವೇಗಕ್ಕೆ ತಕ್ಕಂತೆ ಹಂಚಿದರೆ ಬಹುಪಾಲು ಓದು ಸುದ್ದಿಯ ಪುಟಕ್ಕೇ ಹೋಗುತ್ತದೆ. ಆಗ ಎರಡೂ ಪುಟಗಳು ದಿನದ ನೂರರಲ್ಲಿ ಎಂಟು ಪಾಲು ಹೊತ್ತು ಮಾತ್ರ ತಾಜಾ ಇರುತ್ತವೆ, ಅಂದರೆ ಅಷ್ಟು ಹೊತ್ತು ಮಾತ್ರ ನಿಮ್ಮಲ್ಲಿರುವ ಪ್ರತಿ ಮೂಲ ಪುಟಕ್ಕೆ ಹೊಂದುತ್ತದೆ. ಎರಡೆರಡು ಓದು ಸಮವಾಗಿ ಹಂಚಿದರೆ ಜಲಾಶಯದ ಪುಟ ನೂರರಲ್ಲಿ 79 ಪಾಲು ಹೊತ್ತು, ಸುದ್ದಿಯ ಪುಟ ನಾಲ್ಕು ಪಾಲು ಹೊತ್ತು ತಾಜಾ. ನಾಲ್ಕನ್ನೂ ಜಲಾಶಯದ ಪುಟಕ್ಕೇ ಕೊಟ್ಟರೆ ಅದು 88 ಪಾಲು, ಸುದ್ದಿಯದು ಸೊನ್ನೆ. ಸರಾಸರಿ ತೆಗೆದರೆ ವೇಗಕ್ಕೆ ತಕ್ಕ ಹಂಚಿಕೆಗೆ 8, ಸಮ ಹಂಚಿಕೆಗೆ 41, ಸುದ್ದಿಯ ಪುಟವನ್ನು ಕೈಬಿಟ್ಟ ಹಂಚಿಕೆಗೆ 44. ಎಲ್ಲರ ಮನಸ್ಸಿಗೆ ಮೊದಲು ಬರುವ ಹಂಚಿಕೆಯೇ ಎಲ್ಲಕ್ಕಿಂತ ಕೆಟ್ಟದ್ದು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜುಂಗೂ ಚೋ ಮತ್ತು ಹೆಕ್ಟರ್ ಗಾರ್ಸಿಯಾ-ಮೊಲಿನಾ 2000ನೇ ಇಸವಿಯಲ್ಲಿ ಇದನ್ನು ಗಣಿತದಿಂದ ತೋರಿಸಿಕೊಟ್ಟರು. ಅರ್ಧ ಗಂಟೆಗೊಮ್ಮೆ ಬದಲಾಗುವ ಪುಟವನ್ನು ಓದಿದರೆ ನಿಮಗೆ ಸಿಗುವುದು ಸರಾಸರಿ ಅರ್ಧ ಗಂಟೆಯ ಸತ್ಯ. ದಿನಕ್ಕೊಮ್ಮೆ ಬದಲಾಗುವ ಪುಟವನ್ನು ಓದಿದರೆ ಒಂದು ದಿನದ ಸತ್ಯ. ಓದುಗಳು ತೀರಾ ಕಡಿಮೆಯಿರುವಾಗ ಅತಿವೇಗದ ಪುಟದ ಮೇಲೆ ಅವನ್ನು ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಇದನ್ನು ನಿಮ್ಮ ಪ್ರೋಗ್ರಾಂಗೆ ಹೇಳಿಕೊಡುವುದು ಸುಲಭ. ಒಂದು ಪುಟವನ್ನು ಈಗ ಓದುವುದರ ಬೆಲೆ ಎಷ್ಟೆಂದರೆ, ಕಳೆದ ಓದಿನ ನಂತರ ಅದು ಬದಲಾಗಿರುವ ಸಂಭವವನ್ನು, ಓದಿದ ಮೇಲೆ ಅದು ಸರಾಸರಿ ಎಷ್ಟು ಹೊತ್ತು ತಾಜಾ ಉಳಿಯುತ್ತದೆ ಎಂಬುದರಿಂದ ಗುಣಿಸಿ, ಮತ್ತೆ ಅದನ್ನು ಗಂಟೆಗೆ ಎಷ್ಟು ಜನ ನೋಡುತ್ತಾರೆ ಎಂಬುದರಿಂದ ಗುಣಿಸಿದಷ್ಟು. ಆರು ಗಂಟೆಯ ಹಿಂದೆ ಎರಡೂ ಪುಟಗಳನ್ನು ಓದಿದ್ದೀರಿ ಎಂದುಕೊಳ್ಳಿ. ಜಲಾಶಯದ ಪುಟ ಬದಲಾಗಿರುವ ಸಂಭವ ನೂರಕ್ಕೆ 22; ಅದನ್ನು 24 ಗಂಟೆಯಿಂದ ಗುಣಿಸಿದರೆ 5.3 ಗಂಟೆ. ಸುದ್ದಿಯ ಪುಟ ಬದಲಾಗಿರುವುದು ಹೆಚ್ಚುಕಡಿಮೆ ಖಚಿತ; ಆದರೆ ಅದನ್ನು ಗುಣಿಸುವುದು ಅರ್ಧ ಗಂಟೆಯಿಂದ. ಬೆಲೆಯಲ್ಲಿ ಹತ್ತು ಪಟ್ಟು ಅಂತರ. ಸುದ್ದಿಯ ಪುಟಕ್ಕೆ ಹತ್ತು ಪಟ್ಟು ಹೆಚ್ಚು ನೋಡುಗರಿದ್ದರೆ ಮಾತ್ರ ಎರಡೂ ಸಮನಾಗುತ್ತವೆ. ಇದು ಚೊಕ್ಕ ಸೂತ್ರವಲ್ಲ, ಸರಿಸುಮಾರಿನ ಲೆಕ್ಕ. ನಿಮ್ಮ ಕೆಲಸಕ್ಕೆ ಸಾಕು. ಪ್ರತಿ ನಿಮಿಷ ಈ ಬೆಲೆಯನ್ನು 400 ಪುಟಗಳಿಗೂ ಲೆಕ್ಕ ಹಾಕಿ, ಎಲ್ಲಕ್ಕಿಂತ ಹೆಚ್ಚಿರುವ ಒಂದನ್ನು ಓದಿಸಿದರೆ ದಿನಕ್ಕೆ 1,440 ಓದಾಯಿತು. ಈಗ ನೀವು ಮಾಡುತ್ತಿರುವುದರ ಸುಮಾರು ಇಪ್ಪತ್ತೇಳನೇ ಒಂದು ಪಾಲು.

ಈ ಲೆಕ್ಕಕ್ಕೆ ಬೇಕಾದ ಒಂದೇ ಒಂದು ಅಪರಿಚಿತ ಸಂಖ್ಯೆ ಎಂದರೆ ಪುಟ ಬದಲಾಗುವ ವೇಗ. ಕಲಿಕೆ ಬರುವುದು ಇಲ್ಲಿ.

ಆ ವೇಗವನ್ನು ಯಾರೂ ನಿಮಗೆ ಹೇಳುವುದಿಲ್ಲ. ನೀವು ಓದಲು ಹೋದಾಗ ಮಾತ್ರ ಪುಟ ಕಾಣುತ್ತದೆ. ದಿನಕ್ಕೊಮ್ಮೆ ಪಕ್ಕದ ಮನೆಯ ಅಂಗಳ ನೋಡಿದರೆ ರಂಗೋಲಿ ಬದಲಾಗಿದೆ ಎಂಬುದು ತಿಳಿಯುತ್ತದೆ; ನಡುವೆ ಎಷ್ಟು ಬಾರಿ ಅಳಿಸಿ ಬರೆದರು ಎಂಬುದು ತಿಳಿಯುವುದಿಲ್ಲ. ಹತ್ತು ದಿನ ದಿನಕ್ಕೊಮ್ಮೆ ಓದಿ, ಆರು ಬಾರಿ ಬದಲಾವಣೆ ಕಂಡರೆ, ದಿನಕ್ಕೆ 0.6 ಬದಲಾವಣೆ ಎಂದು ಬರೆದುಕೊಳ್ಳುವುದು ಸಹಜ. ಆದರೆ ಆ ಆರರಲ್ಲಿ ಕೆಲವು ದಿನ ಎರಡು, ಮೂರು ಬಾರಿ ಬದಲಾಗಿರಬಹುದು. ಚೋ ಮತ್ತು ಗಾರ್ಸಿಯಾ-ಮೊಲಿನಾ ಇದಕ್ಕೂ ಒಂದು ಪರಿಹಾರ ಕೊಟ್ಟಿದ್ದಾರೆ. ಬದಲಾಗದೆ ಸಿಕ್ಕ ಓದುಗಳ ಸಂಖ್ಯೆಗೆ ಅರ್ಧ ಸೇರಿಸಿ, ಅದನ್ನು ಒಟ್ಟು ಓದುಗಳಿಗೆ ಅರ್ಧ ಸೇರಿಸಿದ್ದರಿಂದ ಭಾಗಿಸಿ, ಅದರ ಸಹಜ ಲಾಗರಿದಮ್ ತೆಗೆದು, ಚಿಹ್ನೆ ತಿರುಗಿಸಿ. ನಮ್ಮ ಉದಾಹರಣೆಯಲ್ಲಿ 4.5ನ್ನು 10.5ರಿಂದ ಭಾಗಿಸಿ ಲಾಗ್ ತೆಗೆದರೆ ದಿನಕ್ಕೆ 0.85 ಬರುತ್ತದೆ. ಹತ್ತಕ್ಕೆ ಹತ್ತು ಬಾರಿಯೂ ಬದಲಾಗಿದ್ದರೆ ಸಾದಾ ಲೆಕ್ಕ ದಿನಕ್ಕೆ ಒಂದು ಎನ್ನುತ್ತದೆ. ಈ ಲೆಕ್ಕ ಸುಮಾರು ಮೂರು ಎನ್ನುತ್ತದೆ. ವ್ಯತ್ಯಾಸ ಸಣ್ಣದಲ್ಲ.

ನಿಮ್ಮ ಓದುಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ಆಗ ಮೇಲಿನ ಸೂತ್ರ ನೇರವಾಗಿ ಹೊಂದುವುದಿಲ್ಲ. ಒಂದೊಂದು ಓದಿಗೂ 'ಇಷ್ಟು ಗಂಟೆಯ ಅಂತರ, ಬದಲಾಗಿತ್ತು' ಅಥವಾ 'ಬದಲಾಗಿರಲಿಲ್ಲ' ಎಂದು ಬರೆದಿಟ್ಟು, ಯಾವ ವೇಗವಿದ್ದರೆ ಈ ಇಡೀ ಸಾಲು ಅತ್ಯಂತ ಸಹಜವಾಗಿ ಕಾಣುತ್ತದೋ ಆ ವೇಗವನ್ನು ಹುಡುಕಬೇಕು. ಅಂಕಿಸಂಖ್ಯಾಶಾಸ್ತ್ರದಲ್ಲಿ ಇದು ಹಳೆಯ ವಿಧಾನ. ಎರಡು ಮಿತಿಗಳ ನಡುವೆ ಅರ್ಧ ಅರ್ಧ ಮಾಡುತ್ತ ಹುಡುಕಿದರೆ ಹತ್ತಿಪ್ಪತ್ತು ಸುತ್ತಿನಲ್ಲಿ ಉತ್ತರ ಸಿಗುತ್ತದೆ.

ಆದರೆ ಈ ಸೂತ್ರದಲ್ಲಿ ಒಂದು ಹೊಂಡವಿದೆ. ಹತ್ತು ಬಾರಿ ಓದಿ ಒಮ್ಮೆಯೂ ಬದಲಾವಣೆ ಕಾಣದಿದ್ದರೆ ವೇಗ ಸೊನ್ನೆ ಎಂದು ಬರುತ್ತದೆ. ವೇಗ ಸೊನ್ನೆಯಾದರೆ ಬದಲಾಗಿರುವ ಸಂಭವವೂ ಸೊನ್ನೆ. ನಿಮ್ಮ ಪ್ರೋಗ್ರಾಂ ಆ ಪುಟಕ್ಕೆ ಇನ್ನೆಂದೂ ಹೋಗುವುದಿಲ್ಲ, ಹೋಗದೆ ಇರುವುದರಿಂದ ತನ್ನ ತಪ್ಪನ್ನು ಎಂದೂ ತಿಳಿಯುವುದಿಲ್ಲ. ಒಂದು ಸಣ್ಣ ಮಾರುಕಟ್ಟೆ ಹಂಗಾಮು ಮುಗಿದು ಎರಡು ವಾರ ಸುಮ್ಮನಿದ್ದರೆ ಅದರ ಪುಟ ನಿಮ್ಮ ಆ್ಯಪ್‌ನಲ್ಲಿ ಶಾಶ್ವತವಾಗಿ ಸತ್ತುಹೋಗುತ್ತದೆ. ಇದನ್ನು ತಪ್ಪಿಸಲು ಪ್ರತಿ ಪುಟವನ್ನೂ ಅದರ ಒಡಹುಟ್ಟಿದವರ ಜೊತೆ ಕಟ್ಟಿ. ಅದೇ ತಾಣದ, ಅದೇ ಬಗೆಯ ಪುಟಗಳ ಸರಾಸರಿ ವೇಗವನ್ನು ಆರಂಭದ ನಂಬಿಕೆಯಾಗಿಟ್ಟು, ಸ್ವಂತ ಗಮನಿಕೆ ಹೆಚ್ಚಿದಂತೆ ಆ ನಂಬಿಕೆಯ ತೂಕ ಕರಗಲಿ. ಪೂರ್ತಿ ಕರಗುವುದು ಬೇಡ. ನಾಳೆ ಹೊಸ ಮಾರುಕಟ್ಟೆಯೊಂದನ್ನು ಸೇರಿಸಿದಾಗಲೂ ಇದೇ ಉಪಾಯ ಮೊದಲ ದಿನದಿಂದ ಕೆಲಸ ಮಾಡುತ್ತದೆ.

ಈಗ ಸುದ್ದಿಯ ಪುಟದ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಸೊನ್ನೆಗಿಳಿಸಿದ್ದು ನಿಮಗೆ ಇಷ್ಟವಾಗಿರಲಾರದು. ನನಗೂ ಆಗಿರಲಿಲ್ಲ. 2000ದ ಲೆಕ್ಕದಲ್ಲಿ ಪುಟ ಒಂದೋ ತಾಜಾ, ಇಲ್ಲವೇ ಹಳಸಲು. ಒಂದು ಬದಲಾವಣೆ ತಪ್ಪಿಹೋದರೂ ನೂರು ತಪ್ಪಿಹೋದರೂ ಒಂದೇ ಶಿಕ್ಷೆ. ಆದ್ದರಿಂದಲೇ ಅತಿವೇಗದ ಪುಟವನ್ನು ಪೂರ್ತಿ ಉಪವಾಸ ಕೆಡವಿದರೂ ಆ ಲೆಕ್ಕಕ್ಕೆ ನೋವಾಗುವುದಿಲ್ಲ. ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಆಂಡ್ರೆ ಕೊಲೊಬೊವ್ ಮತ್ತು ಸಂಗಡಿಗರು 2019ರಲ್ಲಿ ಮಷೀನ್ ಲರ್ನಿಂಗ್‌ನ ನ್ಯೂರಿಪ್ಸ್ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧ ಈ ಶಿಕ್ಷೆಯನ್ನೇ ಬದಲಿಸಿತು. ತಪ್ಪಿಹೋದ ಮೊದಲ ಬದಲಾವಣೆಗೆ ಒಂದು ಅಂಕ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಮೂರನೇ ಒಂದು, ಹೀಗೆ. ಮೊದಲನೆಯದೇ ಹೆಚ್ಚು ನೋಯಿಸುತ್ತದೆ, ಆದರೂ ನೋವು ನಿಧಾನವಾಗಿ, ಕೊನೆಯಿಲ್ಲದೆ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಯಾವ ಪುಟವನ್ನೂ ಶಾಶ್ವತವಾಗಿ ಕೈಬಿಡಲು ಅವಕಾಶವಿಲ್ಲ. ಬಿಂಗ್ ಸರ್ಚ್ ಎಂಜಿನ್ 14 ವಾರ ಪ್ರತಿದಿನ ಓದಿದ ಸುಮಾರು 1.8 ಕೋಟಿ ಪುಟಗಳ ದಾಖಲೆಯ ಮೇಲೆ ಅವರು ಇದನ್ನು ಪರೀಕ್ಷಿಸಿದರು.

ಆ ಪ್ರಬಂಧ ರೀಇನ್ಫೋರ್ಸ್‌ಮೆಂಟ್ ಲರ್ನಿಂಗ್ ಎಂಬ ಬಗೆಯದು. ಮಾಡುತ್ತಲೇ ಕಲಿಯುವುದು, ಕಲಿತದ್ದರಿಂದ ಮುಂದಿನದನ್ನು ಮಾಡುವುದು. ವೇಗಗಳು ಗೊತ್ತಿಲ್ಲದೆ ಹೊರಡುತ್ತದೆ, ಓದುತ್ತ ಓದುತ್ತ ಅಂದಾಜನ್ನು ತಿದ್ದುತ್ತದೆ, ತಿದ್ದಿದ ಅಂದಾಜಿನಿಂದ ಹೊಸ ವೇಳಾಪಟ್ಟಿ ಕಟ್ಟುತ್ತದೆ. ಅದರಲ್ಲಿ ನನಗೆ ಬಹಳ ಮೆಚ್ಚುಗೆಯಾದ ಸಂಗತಿ ಎಂದರೆ ಎರಡು ಬಗೆಯ ಪುಟಗಳನ್ನು ಬೇರೆ ಮಾಡಿ ನೋಡಿದ್ದು. ಕೆಲವು ತಾಣಗಳು ತಾವು ಬದಲಾದಾಗ ತಾವೇ ಹೇಳುತ್ತವೆ. ಉಳಿದವನ್ನು ನಾವೇ ಹೋಗಿ ನೋಡಬೇಕು. ಎರಡಕ್ಕೂ ಒಂದೇ ನಿಯಮ ಸಲ್ಲುವುದಿಲ್ಲ.

ಅಲ್ಲಿಂದ ನಿಮಗೆ ಸಿಗುವ ಬುದ್ಧಿ ಇದು: ಕಲಿಯುವ ಮೊದಲು ಕೇಳಿ. ನಿಮ್ಮ 400 ಪುಟಗಳಲ್ಲಿ ಎಷ್ಟಕ್ಕೆ ಆರ್‌ಎಸ್‌ಎಸ್ (ಹೊಸದಾಗಿ ಸೇರಿದ್ದನ್ನು ತಾಣವೇ ಪಟ್ಟಿಮಾಡಿ ಕೊಡುವ ಕಡತ) ಇದೆ, ಎಷ್ಟಕ್ಕೆ ಸೈಟ್‌ಮ್ಯಾಪ್‌ನಲ್ಲಿ (ತಾಣದ ಪುಟಗಳ ಪಟ್ಟಿ) ಕೊನೆಯ ಬದಲಾವಣೆಯ ದಿನಾಂಕ ಇದೆ ಎಂದು ಒಂದು ಸಂಜೆ ಕುಳಿತು ನೋಡಿ. ಸೈಟ್‌ಮ್ಯಾಪ್‌ನಲ್ಲಿ 'ಎಷ್ಟು ಬಾರಿ ಬದಲಾಗುತ್ತೇವೆ' ಎಂದು ತಾಣದವರೇ ಬರೆಯುವ ಒಂದು ಅಂಕಣವೂ ಇದೆ. ಅದನ್ನು ನಂಬಬೇಡಿ, ಗೂಗಲ್ ಕೂಡ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದಿನಾಂಕದ ಅಂಕಣವನ್ನು ಮಾತ್ರ, ಅದು ಪುಟದ ನಿಜವಾದ ಬದಲಾವಣೆಯೊಂದಿಗೆ ಹೊಂದುತ್ತದೆ ಎಂದು ಕೆಲವು ದಿನ ಪರೀಕ್ಷಿಸಿ, ಬಳಸಬಹುದು. ಧಾರಣೆಗಂತೂ ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣವಾದ ಡೇಟಾ.ಗವ್.ಇನ್‌ನಲ್ಲಿ ದೇಶದ ಮಾರುಕಟ್ಟೆಗಳ ದಿನದ ಧಾರಣೆ ಎಪಿಐ ಮೂಲಕವೇ, ಅಂದರೆ ಪ್ರೋಗ್ರಾಂಗಳು ನೇರವಾಗಿ ಕೇಳಿ ಪಡೆಯುವ ದಾರಿಯಲ್ಲೇ, ಸಿಗುತ್ತದೆ. ಒಂದು ವಿನಂತಿಗೆ ಹಲವು ಮಾರುಕಟ್ಟೆಗಳ ಸಾಲುಗಳು ಬರುತ್ತವೆ. ನಿಮಗೆ ಬೇಕಾದ ಮಾರುಕಟ್ಟೆಗಳು ಅದರಲ್ಲಿದ್ದರೆ ಅಷ್ಟು ಪುಟಗಳನ್ನು ಓದುವ ಕೆಲಸವೇ ತಪ್ಪುತ್ತದೆ.

ಓದಲೇಬೇಕಾದ ಪುಟಗಳನ್ನು ಅಗ್ಗವಾಗಿ ಓದಿ. ನೀವು ಹಿಂದಿನ ಬಾರಿ ಓದಿದಾಗ ಸರ್ವರ್ ಕೊಟ್ಟ ಇಟ್ಯಾಗ್ ಗುರುತನ್ನೋ ಕೊನೆಯ ಬದಲಾವಣೆಯ ಸಮಯವನ್ನೋ ಜೊತೆಗೆ ಕಳುಹಿಸಿದರೆ, ಏನೂ ಬದಲಾಗಿಲ್ಲದಿದ್ದಾಗ ಸರ್ವರ್ 304 ಎಂಬ ಸಂಕೇತವನ್ನಷ್ಟೇ ಹಿಂದಿರುಗಿಸುತ್ತದೆ. ಪುಟದ ಒಡಲು ಬರುವುದಿಲ್ಲ. ಎಲ್ಲ ಸರ್ವರ್‌ಗಳೂ ಇದನ್ನು ಪಾಲಿಸುವುದಿಲ್ಲ, ಆದರೆ ಕೇಳಿ ನೋಡುವುದಕ್ಕೆ ಖರ್ಚಿಲ್ಲ. 429 ಎಂಬ ಸಂಕೇತ ಬಂದರೆ ಅದು 'ಸಾಕು ನಿಲ್ಲಿಸು' ಎಂಬ ಮಾತು. ಜೊತೆಯಲ್ಲಿ ಎಷ್ಟು ಹೊತ್ತು ಕಾಯಬೇಕೆಂದು ಹೇಳಿದ್ದರೆ ಅಷ್ಟು ಹೊತ್ತು ಕಾಯಿರಿ, ಹೇಳದಿದ್ದರೆ ನಿಮ್ಮ ಅಂತರವನ್ನು ಎರಡು ಪಟ್ಟು ಮಾಡಿ. ನಿಮ್ಮ ಪ್ರೋಗ್ರಾಂ ತನ್ನ ಹೆಸರನ್ನೂ ನಿಮ್ಮನ್ನು ಸಂಪರ್ಕಿಸುವ ವಿಳಾಸವನ್ನೂ ಪ್ರತಿ ವಿನಂತಿಯಲ್ಲಿ ಹೇಳಲಿ. ತಡೆಹಿಡಿದ ತಾಣದವರಿಗೆ ಒಂದು ಪತ್ರ ಬರೆದು, ಇನ್ನು ಮೇಲೆ ದಿನಕ್ಕೆ ಇಷ್ಟೇ ಬಾರಿ ಬರುತ್ತೇವೆ ಎಂದು ತಿಳಿಸಿ. ಹಾಗೆ ಬರೆದಾಗ ಬಾಗಿಲು ತೆರೆದವರನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಎಷ್ಟೇ ಒಳ್ಳೆಯ ಗಣಿತ ಹಾಕಿದರೂ ಒಂದು ಜಾಗದಲ್ಲಿ ಎಡವಿದರೆ ಎಲ್ಲವೂ ನೀರುಪಾಲು. 'ಬದಲಾವಣೆ' ಎಂದರೆ ಏನು ಎಂದು ತೀರ್ಮಾನಿಸುವ ಜಾಗ ಅದು. ಕೆಲವು ವರ್ಷಗಳ ಹಿಂದೆ ಟೆಂಡರ್ ಪ್ರಕಟಣೆಗಳನ್ನು ಹುಡುಕಿ ತಿಳಿಸುವ ಒಂದು ವ್ಯವಸ್ಥೆಯನ್ನು ನಾನು ಕಟ್ಟಿದ್ದೆ. ಒಂದು ಪುಟ ಪ್ರತಿ ಓದಿಗೂ ಬದಲಾಗಿದೆ ಎಂದೇ ವರದಿ ಬರುತ್ತಿತ್ತು. ಕಲಿಯುವ ಪ್ರೋಗ್ರಾಂ ಅದನ್ನು ನಿಮಿಷಕ್ಕೊಮ್ಮೆ ಬದಲಾಗುವ ಪುಟ ಎಂದು ತಿಳಿದು, ಹಿಡಿಯಲಾರದ ಪುಟಗಳ ಗುಂಪಿಗೆ ಸೇರಿಸಿ, ಓದುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿತು. ಅಲ್ಲಿ ಬಂದ ಒಂದು ಪ್ರಕಟಣೆ ಕಾಯುತ್ತಿದ್ದವರಿಗೆ ಕೊನೆಯ ದಿನಾಂಕ ಮುಗಿದ ಮೇಲೆ ತಲುಪಿತು. ಕಾರಣ ಹುಡುಕಿದರೆ, ಪುಟದ ತಳದಲ್ಲಿ ಭೇಟಿ ನೀಡಿದವರ ಸಂಖ್ಯೆ ತೋರಿಸುವ ಎಣಿಕೆ ಇತ್ತು. ನಾವು ಹೋಗಿ ನೋಡಿದಾಗಲೆಲ್ಲ ಅದು ಒಂದು ಹೆಚ್ಚುತ್ತಿತ್ತು. ನಮ್ಮ ಓದೇ ಬದಲಾವಣೆಯನ್ನು ಉಂಟುಮಾಡುತ್ತಿತ್ತು. ಒಬ್ಬ ಸಣ್ಣ ಗುತ್ತಿಗೆದಾರರು ಆ ಕೆಲಸವನ್ನು ಕಳೆದುಕೊಂಡರು. ಅಂದಿನಿಂದ ಇಡೀ ಪುಟವನ್ನು ಹೋಲಿಸುವ ಕೆಲಸವನ್ನು ನಾನು ಎಂದೂ ಮಾಡಿಲ್ಲ.

ನೀವೂ ಮಾಡಬೇಡಿ. ಪುಟದಿಂದ ನಿಮಗೆ ಬೇಕಾದದ್ದನ್ನು ಮಾತ್ರ ಹೊರತೆಗೆಯಿರಿ: ಮಾರುಕಟ್ಟೆಯ ಹೆಸರು, ದಿನಾಂಕ, ರಾಶಿಯೋ ಚಾಲಿಯೋ ಬೆಟ್ಟೆಯೋ ಎಂಬ ಬಗೆ, ಆವಕ, ಕನಿಷ್ಠ, ಗರಿಷ್ಠ, ಮಾದರಿ ಧಾರಣೆ. ಇವುಗಳ ಸಾಲನ್ನು ಒಂದೇ ರೂಪಕ್ಕೆ ತಂದು ಹೋಲಿಸಿ. ಜಾಹೀರಾತು, ಇಂದಿನ ದಿನಾಂಕ, ಓಡುವ ಸಾಲು, ಎಣಿಕೆ ಇವೆಲ್ಲ ಹೊರಗೇ ಇರಲಿ. ನಿಮ್ಮ ಬಳಕೆದಾರರ ದೂರಿಗೂ ಕಾರಣ ಇಲ್ಲೇ ಇದ್ದೀತು ಎಂಬುದು ನನ್ನ ಗುಮಾನಿ. 15 ನಿಮಿಷಕ್ಕೊಮ್ಮೆ ಓದಿಯೂ ಹಳೆಯ ಧಾರಣೆ ಕಾಣುತ್ತಿದೆ ಎಂದರೆ ಓದುವ ವೇಗ ಸಾಲದೆ ಹಾಗಾಗಿರುವುದು ಅಸಂಭವ. ಮೂಲದಲ್ಲೇ ಇಂದಿನ ಧಾರಣೆ ಬಂದಿರಲಾರದು, ಅಥವಾ ಪುಟದ ವಿನ್ಯಾಸ ಬದಲಾಗಿ ನಿಮ್ಮ ಪ್ರೋಗ್ರಾಂ ಏನನ್ನೂ ಹೊರತೆಗೆಯಲಾಗದೆ ಹಿಂದಿನದನ್ನೇ ಉಳಿಸಿಕೊಂಡಿರಬೇಕು, ಇಲ್ಲವೇ ತಡೆಹಿಡಿದ ಸರ್ವರ್‌ನ ದೋಷಪುಟವನ್ನು 'ಬದಲಾವಣೆ ಇಲ್ಲ' ಎಂದು ಎಣಿಸಿರಬೇಕು. ವಿಫಲವಾದ ಓದನ್ನು ಬದಲಾಗದ ಓದು ಎಂದು ಬರೆದರೆ ಕಲಿಕೆಯೂ ಕೆಡುತ್ತದೆ. ಇವೆರಡಕ್ಕೂ ಬೇರೆ ಬೇರೆ ಅಂಕಣ ಇಡಿ.

ಇನ್ನು ಗಡಿಯಾರ. ಇಲ್ಲಿಯವರೆಗಿನ ಗಣಿತವೆಲ್ಲ ಬದಲಾವಣೆ ಯಾವ ಗಳಿಗೆಯಲ್ಲಿ ಬೇಕಾದರೂ ಸಮಾನ ಸಂಭವದಿಂದ ಬರುತ್ತದೆ ಎಂದು ಭಾವಿಸುತ್ತದೆ. ಇಡೀ ಅಂತರ್ಜಾಲವನ್ನು ಓದುವ ಸರ್ಚ್ ಎಂಜಿನ್‌ಗೆ ಅದು ಸಾಕಾಗುತ್ತದೆ. ನಿಮ್ಮ ಪುಟಗಳ ಹಿಂದೆ ಮನುಷ್ಯರಿದ್ದಾರೆ. ಟೆಂಡರ್ ಮುಗಿಯಬೇಕು, ಯಾರೋ ಕುಳಿತು ಅಂಕಿಗಳನ್ನು ತುಂಬಬೇಕು. ಊಟದ ಹೊತ್ತಿದೆ, ಹಬ್ಬವಿದೆ, ಎರಡನೇ ಶನಿವಾರವಿದೆ. ಆದ್ದರಿಂದ ವೇಗವನ್ನು ಒಂದೇ ಸಂಖ್ಯೆಯಾಗಿಡದೆ, ವಾರದ 168 ಗಂಟೆಗಳಿಗೆ ಒಂದೊಂದು ಸಂಖ್ಯೆಯಾಗಿಡಿ. ಒಂದು ಪುಟದ ಎರಡು ವಾರದ ದಾಖಲೆಯಿಂದ 168 ಸಂಖ್ಯೆ ಕಲಿಯಲಾಗದು. ಅಕ್ಕಪಕ್ಕದ ಗಂಟೆಗಳನ್ನು ಬೆರೆಸಿ, ಒಂದೇ ಬಗೆಯ ಪುಟಗಳ ದಾಖಲೆಯನ್ನು ಕೂಡಿಸಿ ಕಲಿಯಿರಿ. ಆಗ ಅಡಿಕೆ ಮಾರುಕಟ್ಟೆಗಳ ಗುಂಪಿನ ದಿನಚರಿ ನಿಮ್ಮ ಕಣ್ಣ ಮುಂದೆ ಮೂಡುತ್ತದೆ. ರಾತ್ರಿಯ ಓದುಗಳೆಲ್ಲ ತಾವಾಗಿಯೇ ಬಿದ್ದುಹೋಗಿ, ಅಂಕಿ ತುಂಬುವ ಒಂದೆರಡು ಗಂಟೆಗಳ ಸುತ್ತ ಓದುಗಳು ಗುಂಪುಗೂಡುತ್ತವೆ. ನಿಮ್ಮ ಆ್ಯಪ್‌ಗೆ ಇಷ್ಟರಿಂದ ಸಿಗುವ ಲಾಭ ಬೇರೆ ಯಾವ ತಂತ್ರದಿಂದಲೂ ಸಿಗಲಾರದು. ಇದಕ್ಕೆ ನ್ಯೂರಲ್ ನೆಟ್‌ವರ್ಕ್‌ನಂಥ ದೊಡ್ಡ ಕಲಿಕೆಯ ಮಾದರಿ ಬೇಕಿಲ್ಲ. 400 ಪುಟಗಳ ದಾಖಲೆಗೆ ಅದನ್ನು ಹಾಕಿದರೆ ಅದು ಕಲಿಯುವುದಕ್ಕಿಂತ ಬಾಯಿಪಾಠ ಮಾಡುವುದೇ ಹೆಚ್ಚು.

ದೊಡ್ಡ ಪ್ರಮಾಣದಲ್ಲಿ ಚಿತ್ರ ಬೇರೆ. ಚೋ ಮತ್ತು ಗಾರ್ಸಿಯಾ-ಮೊಲಿನಾ 1999ರಲ್ಲಿ 270 ತಾಣಗಳ 7.2 ಲಕ್ಷ ಪುಟಗಳನ್ನು ನಾಲ್ಕು ತಿಂಗಳು ದಿನವೂ ಓದಿ ನೋಡಿದಾಗ, ಡಾಟ್ ಕಾಮ್ ಪುಟಗಳಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ದಿನಕ್ಕೊಮ್ಮೆಯಾದರೂ ಬದಲಾಗುತ್ತಿದ್ದವು. ಅಮೆರಿಕದ ಶಿಕ್ಷಣ ಮತ್ತು ಸರ್ಕಾರಿ ಪುಟಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ನಾಲ್ಕು ತಿಂಗಳಲ್ಲಿ ಒಮ್ಮೆಯೂ ಬದಲಾಗಲಿಲ್ಲ. 2003ರಲ್ಲಿ ಡೆನಿಸ್ ಫೆಟರ್ಲಿ ಮತ್ತು ಸಂಗಡಿಗರು ಸುಮಾರು 15 ಕೋಟಿ ಪುಟಗಳನ್ನು 11 ವಾರ ಹಿಂಬಾಲಿಸಿ, ಪುಟದ ಹಿಂದಿನ ನಡತೆಯೇ ಮುಂದಿನ ನಡತೆಗೆ ಒಳ್ಳೆಯ ಸೂಚಕ ಎಂದು ಕಂಡುಕೊಂಡರು. ಅಷ್ಟು ಪುಟಗಳಿದ್ದಾಗ ಪುಟದ ಗಾತ್ರ, ತಾಣದ ಬಗೆ ಇವನ್ನೆಲ್ಲ ಕಲಿಕೆಗೆ ಕೊಡುವುದರಲ್ಲಿ ಅರ್ಥವಿದೆ. ನಿಮಗೆ ಹಿಂದಿನ ನಡತೆ ಸಾಕು.

ಆದರೆ ಹಿಂದಿನ ನಡತೆ ಮಲೆನಾಡಿನಲ್ಲಿ ಜೂನ್‌ವರೆಗೆ ಮಾತ್ರ ನಂಬಿಕೆಗೆ ಅರ್ಹ. ಲಿಂಗನಮಕ್ಕಿ ನಿಮ್ಮ ತಾಲ್ಲೂಕಿನಲ್ಲೇ ಇದೆ. ಬೇಸಿಗೆಯಲ್ಲಿ ಅದರ ಮಟ್ಟದ ಪುಟ ಎಷ್ಟು ನಿಧಾನ, ಮಳೆ ಹಿಡಿದು ನೀರು 1,819 ಅಡಿಯ ಪೂರ್ಣಮಟ್ಟದತ್ತ ಏರುವಾಗ ಒಳಹರಿವು, ಹೊರಹರಿವಿನ ಅಂಕಿಗಳು ಎಷ್ಟು ಬೇಗ ಬದಲಾಗುತ್ತವೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಮಾರ್ಚ್‌ನಿಂದ ಮೇವರೆಗೆ ಕಲಿತ ಪ್ರೋಗ್ರಾಂ ಜುಲೈಯ ಮೊದಲ ದೊಡ್ಡ ಮಳೆಯಲ್ಲಿ ನಿದ್ದೆಯಲ್ಲಿರುತ್ತದೆ. ಇದಕ್ಕೆ ಮದ್ದು ಮರೆವು. ಹಳೆಯ ಗಮನಿಕೆಗಳ ತೂಕ ಮೂರು ವಾರಕ್ಕೊಮ್ಮೆ ಅರ್ಧವಾಗುವಂತೆ ಮಾಡಿ. ಧಾರಣೆಯ ಪುಟಗಳಿಗೆ ಎರಡು ತಿಂಗಳಾದರೂ ಸರಿ. ಹಿಂದಿನ ಓದಿಗಿಂತ ಮಟ್ಟ ಒಮ್ಮೆಲೇ ಏರಿದ್ದು ಕಂಡರೆ, ಕಲಿತ ವೇಗ ಏನೇ ಇರಲಿ, ಮುಂದಿನ ಓದು ಒಂದು ಗಂಟೆಯೊಳಗೆ ಆಗಲಿ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ನದಿಗೆ ನೀರು ಬಿಡುವ ಎಚ್ಚರಿಕೆ, ಹವಾಮಾನ ಇಲಾಖೆಯ ಕೆಂಪು ಎಚ್ಚರಿಕೆ, ಇಂಥವನ್ನು ಯಾವ ಕಲಿಕೆಯ ಕೈಗೂ ಕೊಡಬೇಡಿ. ಇವು ವರ್ಷದಲ್ಲಿ ಕೆಲವೇ ದಿನ ಬರುತ್ತವೆ. ಕಲಿಯುವ ಪ್ರೋಗ್ರಾಂ ಇವನ್ನು ನೋಡಿದಾಗಲೆಲ್ಲ ಬದಲಾಗದ ಪುಟ ಎಂದೇ ತಿಳಿಯುತ್ತದೆ, ಮತ್ತು ತನ್ನ ಲೆಕ್ಕದ ಪ್ರಕಾರ ಅದು ಸರಿಯಾಗಿಯೇ ತಿಳಿಯುತ್ತದೆ. ಆದರೆ ಹೊಳೆದಂಡೆಯಲ್ಲಿ ದನ ಕಟ್ಟಿದವರಿಗೆ ಆ ಒಂದು ದಿನವೇ ಮುಖ್ಯ. ಇವಕ್ಕೆ ಮಳೆಗಾಲ ಪೂರ್ತಿ 15 ನಿಮಿಷದ ನಿಗದಿತ ಅಂತರ ಇರಲಿ. ಪುಟಗಳು ನಾಲ್ಕೈದೇ ಆದ್ದರಿಂದ ಯಾವ ಸರ್ವರ್‌ಗೂ ಹೊರೆಯಾಗದು. ಮೂಲ ತಾಣದ ಕೊಂಡಿಯನ್ನೂ ಪಕ್ಕದಲ್ಲೇ ಕೊಡಿ.

ಅತಿವೇಗದ ಪುಟಗಳಿಗೆ ಇನ್ನೊಂದು ಸರಳ ದಾರಿಯಿದೆ: ಮೊದಲೇ ಓದಿಡದೆ, ಯಾರಾದರೂ ಆ ಪರದೆಯನ್ನು ತೆರೆದಾಗ ಓದುವುದು. ಇರುವ ಹಳೆಯದನ್ನು ತಕ್ಷಣ ತೋರಿಸಿ, ಹಿಂದೆಯೇ ಹೊಸದನ್ನು ತರಿಸಿ, ಬಂದೊಡನೆ ಬದಲಿಸಿ. ಐದು ನಿಮಿಷದೊಳಗೆ ಮತ್ತೊಬ್ಬರು ತೆರೆದರೆ ಈಗ ತಂದದ್ದನ್ನೇ ಕೊಡಿ. ಯಾರೂ ನೋಡದಿದ್ದರೆ ಓದೇ ಇಲ್ಲ. ವೇಳಾಪಟ್ಟಿಯ ಸಮಸ್ಯೆಯಿಂದ ಈ ಪುಟಗಳು ಹೊರಗೇ ಹೋಗುತ್ತವೆ.

ಕೊನೆಯದಾಗಿ, ನೋಡುಗರ ತೂಕ. ಸೂತ್ರದಲ್ಲಿ 'ಎಷ್ಟು ಜನ ನೋಡುತ್ತಾರೆ' ಎಂದು ಬರೆದೆ. ಅದನ್ನು ಹಾಗೆಯೇ ಹಾಕಿದರೆ ಶಿವಮೊಗ್ಗ, ಶಿರಸಿಯ ದೊಡ್ಡ ಮಾರುಕಟ್ಟೆಗಳಿಗೆ ಎಲ್ಲ ಓದೂ ಹೋಗಿ, ಹತ್ತು ಜನ ನೋಡುವ ಸಣ್ಣ ಮಾರುಕಟ್ಟೆಯ ಧಾರಣೆ ಸದಾ ಹಳಸಿರುತ್ತದೆ. ಆ ಹತ್ತು ಜನ ಅದೇ ಧಾರಣೆ ನೋಡಿ ಇಂದು ಮಾಲು ಕೊಡಬೇಕೇ, ಇನ್ನೊಂದು ವಾರ ಇಡಬೇಕೇ ಎಂದು ತೀರ್ಮಾನಿಸುವವರು. ಅವರಿಗೆ ಕೇಳಲು ಬೇರೆ ಜಾಗವೂ ಕಡಿಮೆ. ಹಾಗಾಗಿ ನೋಡುಗರ ಸಂಖ್ಯೆಯ ಬದಲು ಅದರ ವರ್ಗಮೂಲ ಹಾಕಿ. ಸಾವಿರ ಜನ ನೋಡುವ ಪುಟಕ್ಕೂ ಹತ್ತು ಜನ ನೋಡುವ ಪುಟಕ್ಕೂ ನಡುವಿನ ಅಂತರ ನೂರು ಪಟ್ಟಿನಿಂದ ಹತ್ತು ಪಟ್ಟಿಗೆ ಇಳಿಯುತ್ತದೆ. ಇದು ಗಣಿತ ಹೇಳುವ ಮಾತಲ್ಲ, ನನ್ನ ಅಭಿಪ್ರಾಯ. ಆ್ಯಪ್ ನಿಮ್ಮದು, ನಿರ್ಧಾರವೂ ನಿಮ್ಮದೇ. ಆದರೆ ಯೋಚಿಸಿ ನಿರ್ಧರಿಸಿ, ಸೂತ್ರ ತಾನಾಗಿ ನಿರ್ಧರಿಸಲು ಬಿಡಬೇಡಿ. ಪ್ರತಿ ಧಾರಣೆಯ ಕೆಳಗೆ ಅದು ಯಾವ ದಿನದ್ದು, ನೀವು ಓದಿದ್ದು ಎಷ್ಟು ಹೊತ್ತಿಗೆ ಎಂದು ಎರಡನ್ನೂ ಬರೆಯಿರಿ.

ಎಲ್ಲಿಂದ ಶುರು ಮಾಡಬೇಕು ಎಂದರೆ, ಇಂದೇ ಅಂತರವನ್ನು 15 ನಿಮಿಷದಿಂದ ಎರಡು ಗಂಟೆಗೆ ಏರಿಸಿ. 38,400 ಓದು 4,800ಕ್ಕೆ ಇಳಿಯುತ್ತದೆ. ಹೊರತೆಗೆದ ಅಂಕಿಗಳನ್ನು ಮಾತ್ರ ಹೋಲಿಸುತ್ತ, ಬದಲಾಗಿತ್ತು, ಬದಲಾಗಿರಲಿಲ್ಲ, ಓದಲಾಗಲಿಲ್ಲ ಎಂಬ ಮೂರರಲ್ಲಿ ಒಂದನ್ನು ಪ್ರತಿ ಬಾರಿ ಬರೆದಿಡಿ. ಮೂರು ವಾರದ ದಾಖಲೆ ಆದ ಮೇಲೆ ಗುಂಪುಗಳ ದಿನಚರಿ ಕಟ್ಟಿ, ನಂತರ ನಿಮಿಷಕ್ಕೊಂದು ಓದಿನ ವ್ಯವಸ್ಥೆಗೆ ಬನ್ನಿ. ಒಂದಿಪ್ಪತ್ತು ಪುಟಗಳನ್ನು ಮಾತ್ರ ಹಳೆಯ ಎರಡು ಗಂಟೆಯ ಅಂತರದಲ್ಲೇ ಬಿಡಿ. ಹೊಸ ವ್ಯವಸ್ಥೆ ಯಾವ ಬದಲಾವಣೆಯನ್ನು ಎಷ್ಟು ತಡವಾಗಿ ಹಿಡಿಯಿತು ಎಂದು ಹೋಲಿಸಲು ಆ ಇಪ್ಪತ್ತರ ದಾಖಲೆಯೇ ಆಧಾರ.